ಆರ್ಡ್ಯುಅಸ್ ನೀರು

ಶರಾವತಿಯ ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಕೆರಿಯಪ್ಪನಿಗೆ ಸರ್ಕಾರ ಹೊಸನಗರದ ಕಡೆ ಒಂದು ಬೋಳುಗುಡ್ಡ ಕೊಟ್ಟಿತು. ಊರಿಗೆ ಊರೇ ನೀರಿನಡಿ ಹೋಗಿತ್ತು, ಇಲ್ಲಿ ನೋಡಿದರೆ ಕುಡಿಯಲು ಹನಿಯಿಲ್ಲ. ಹೆಂಡತಿ ದುಗ್ಗಮ್ಮ ದಿನವೂ ಕಣಿವೆಗಿಳಿದು ಕೊಡ ಹೊತ್ತು ಏರಿ ಬರಬೇಕು. ಆ ದಿನ ಜಾಗ ಹಂಚುವ ಸಾಹೇಬರು ಬರುವವರಿದ್ದರು. ಅವರು ಮನಸ್ಸು ಮಾಡಿದರೆ ಬೇರೆ ಜಾಗ ಸಿಗುತ್ತಿತ್ತು.

"ಕಷ್ಟ ಅಂದ್ರೆ ಅವರ ಕಿವಿಗೆ ತಾಗಲ್ಲ ಮಾರಾಯ, ಎಲ್ಲರೂ ಅದನ್ನೇ ಹೇಳ್ತಾರೆ. ನೀನು ಇಂಗ್ಲಿಷಲ್ಲಿ ಆರ್ಡ್ಯುಅಸ್ ಅಂತ ಹೇಳು," ಎಂದರು ಗಿರಿಯಪ್ಪ ಮೇಷ್ಟ್ರು. ತಲೆನೋವಿಗೆ, ಬಸ್ಸು ತಪ್ಪಿದ್ದಕ್ಕೆಲ್ಲ ಆ ಪದ ಸಲ್ಲದು. ಹೊರೆ ಹೊತ್ತು ಆಗುಂಬೆ ಘಾಟಿ ಹತ್ತುವಂಥ, ಜೀವ ಹಿಂಡುವ ಕೆಲಸಕ್ಕೆ ಮಾತ್ರ ಎಂದು ವಿವರಿಸಿದರು.

ಕೆರಿಯಪ್ಪ ದನದ ಮುಂದೆ ನಿಂತು ಉರು ಹೊಡೆದ. ಬೇಲಿಯಾಚೆಯ ಬೆಳ್ಳಪ್ಪ ತನ್ನ ಸೊಂಟನೋವನ್ನೂ ಅದರಲ್ಲೇ ಸೇರಿಸು ಎಂದ. ಬೆಳ್ಳಪ್ಪನ ಅತ್ತೆ ಗುತ್ಯಮ್ಮ, ಈ ಅಳಿಯನೇ ಆರ್ಡ್ಯುಅಸ್ ಎಂದಳು. ಸೊಂಟ ಸೇರುವುದಿಲ್ಲ, ಅಳಿಯ ಸೇರಬಹುದು ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ಸಾಹೇಬರು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಮಾತಾಡಿಸುವುದುಂಟೇ? ದುಗ್ಗಮ್ಮ ಬೆಳಿಗ್ಗೆ ಹೊತ್ತು ತಂದ ಕೊಡವನ್ನೇ ಮುಂದಿಟ್ಟಳು. ಸಾಹೇಬರು ಎರಡು ಚೊಂಬು ಗಟಗಟ ಕುಡಿದು, ಕೈಕಾಲು ತೊಳೆದು, ಜವಾನನಿಗೂ ಕೊಡಿಸಿದರು.

ಕೆರಿಯಪ್ಪ ಕೈಕಟ್ಟಿ ಹೇಳಿದ: "ಸ್ವಾಮಿ, ಇಲ್ಲಿ ನೀರು ತರೋದು ಆರ್ಡ್ಯುಅಸ್."

ಸಾಹೇಬರ ಹುಬ್ಬೇರಿತು. ದುಗ್ಗಮ್ಮನತ್ತ ತಿರುಗಿ, "ಹೌದೇನಮ್ಮ? ನಮಗೋಸ್ಕರ ಅಷ್ಟು ಕಷ್ಟಪಟ್ಟು ತಂದ್ರಾ?" ಎಂದರು.

ನೀರು ಕುಡಿದವರ ಎದುರಿಗೇ ನೀರಿನ ಕಷ್ಟ ಹೇಳುವುದೆಂದರೆ ಕೊಟ್ಟದ್ದನ್ನು ಎತ್ತಿ ಆಡಿದಂತೆ. ದುಗ್ಗಮ್ಮ ಚೊಂಬು ಮುಂದೆ ಹಿಡಿದು, "ಎಂತ ಕಷ್ಟ ಒಡೇರೆ, ಇಲ್ಲೇ ಕೆಳಗೆ ಐತೆ. ಇನ್ನೊಂದು ಚೊಂಬು ಕುಡೀರಿ," ಎಂದಳು.

ಸಾಹೇಬರು ನಕ್ಕರು. ನೀರಿಲ್ಲದ ಕಡೆ ಬದುಕುವುದಕ್ಕೆ ಆರ್ಡ್ಯುಅಸ್ ಎನ್ನಬೇಕು, ಇಂಥ ಸಿಹಿನೀರಿನ ಜಾಗಕ್ಕೆ ಆ ಪದ ಬಳಸಬಾರದು ಎಂದು ಬುದ್ಧಿ ಹೇಳಿದರು. ತಾಳಗುಪ್ಪದ ಕಡೆ ಹತ್ತು ಮುಳುಗಡೆ ಕುಟುಂಬಗಳು ನೀರಿಲ್ಲದೆ ಒದ್ದಾಡುತ್ತಿವೆ, ನಾಳೆಯೇ ಅವರನ್ನು ಲಾರಿಯಲ್ಲಿ ಇಲ್ಲಿಗೆ ಕಳಿಸುತ್ತೇನೆ ಎಂದರು. ಇಂಗ್ಲಿಷ್ ಕಲಿಸಿದ ಮೇಷ್ಟ್ರು ಅಷ್ಟರಲ್ಲಿ ಗುಡ್ಡ ಇಳಿದಾಗಿತ್ತು.

ಸಾಹೇಬರು ಹೋದ ಮೇಲೆ ಕೆರಿಯಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಇನ್ನು ಬೇರೆ ಜಾಗದ ಆಸೆ ಮುಗಿಯಿತೆಂದು ಅವನಿಗೆ ಅಳುವೇ ಬಂತು. ದುಗ್ಗಮ್ಮ ಖಾಲಿ ಕೊಡ ಸೊಂಟಕ್ಕೇರಿಸಿ ಅಂಗಳಕ್ಕಿಳಿದವಳು ತಿರುಗಿ ನಿಂತು ಕೇಳಿದಳು:

"ಆ ಹತ್ತು ಮನೆಯೋರು ನಾಳೆ ಎಷ್ಟೊತ್ತಿಗೆ ಬರ್ತಾರಂತೆ?"