ಚೀನಾದ ಹುಡುಗಿಗೆ ಘತ್ತರಗಿಯ ಹರಕೆ

ಹೆಂಡತಿ ತುಳಜಾಬಾಯಿ ಟಿವಿ ಧಾರಾವಾಹಿಯ ಕೊನೆಯ ಕಂತನ್ನು ತನ್ನನ್ನು ಬಿಟ್ಟು ನೋಡಿದಳು ಎಂಬ ಸಿಟ್ಟು ಕರಜಗಿಯ ಚಂದಪ್ಪನಿಗೆ ಇವತ್ತಿಗೂ ಇಳಿದಿಲ್ಲ. ಹೊಲದ ಬದು ಒತ್ತಿದ ಅಣ್ಣನನ್ನು ಅವನು ಕ್ಷಮಿಸಿದ್ದಾನೆ. ಮದುವೆಯಲ್ಲಿ ತನ್ನ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋದ ಹೆಂಡತಿಯ ತಮ್ಮನನ್ನೂ ಕ್ಷಮಿಸಿದ್ದಾನೆ. ಹೆಂಡತಿಯನ್ನು ಮಾತ್ರ ಇಲ್ಲ. ಅಷ್ಟೂ ಕಂತು ಒಂದೇ ಚಾಪೆಯ ಮೇಲೆ ಕೂತು ನೋಡಿ, ಮುಕ್ತಾಯದ ಹೊತ್ತಿಗೆ ಗಂಡನನ್ನು ಕಬ್ಬಿನ ಹೊಲದಲ್ಲಿ ಬಿಟ್ಟರೆ ಅದಕ್ಕೆ ಸಂಸಾರ ಅನ್ನುತ್ತಾರೆಯೇ?

ಶುರುವಿನಲ್ಲಿ ಆ ಧಾರಾವಾಹಿಯನ್ನು ಮನೆಯಿಂದ ಹೊರಹಾಕಲು ಹೊರಟವನೂ ಅವನೇ. ಕಲಬುರಗಿಯಲ್ಲಿ ಓದುವ ಮಗಳು ಜಯಮಾಲಾ ರಜೆಗೆ ಬಂದವಳು ಟಿವಿಗೆ ನೆಟ್ ಜೋಡಿಸಿ, ಬೇಕೆಂದಾಗ ನೋಡುವಂತೆ ಅದನ್ನು ಹಚ್ಚಿಕೊಟ್ಟು, ತಾಯಿಗೆ ಚಟ ಹಿಡಿಸಿ, ತಾನು ಹಾಸ್ಟೆಲಿಗೆ ನಡೆದಳು. ಕಥೆ ಚೀನಾದ್ದು, ಮಾತು ಹಿಂದಿ. ಸೊಂಟದವರೆಗೆ ಕೂದಲು ಬಿಟ್ಟ ದೇವಲೋಕದ ಸೇನಾಪತಿ ಒಬ್ಬ, ಹೂವಿನ ಗಿಡದಿಂದ ಇಳಿದು ಬಂದ ಹುಡುಗಿ ಒಬ್ಬಳು. ಇಬ್ಬರೂ ಗಾಳಿಯಲ್ಲಿದ್ದರೆ ಹಾರುತ್ತಾರೆ, ನೆಲಕ್ಕಿಳಿದರೆ ಅಳುತ್ತಾರೆ. ಪಕ್ಕದ ಮನೆಯ ಚಮನಬಿ ಬಂದು ಕೂತು ಹಿಂದಿಯನ್ನು ಕನ್ನಡ ಮಾಡಿ ಹೇಳುತ್ತಿದ್ದಳು (ತನ್ನದೂ ಎರಡು ಮಾತು ಸೇರಿಸಿ).

"ಇವನ ಊರಾಗ ಹಜಾಮತಿ ಮಾಡೋರು ಯಾರೂ ಇಲ್ಲೇನು ಬೇ?" ಅಂದ ಚಂದಪ್ಪ.

"ನಿಮ್ಮ ತಲಿ ಮ್ಯಾಲ ಉಳಿದಿಲ್ಲಂತ ಅವನ ಕೂದ್ಲಿಗ್ಯಾಕ ಹೊಟ್ಟಿ ಉರ್ಕೋತೀರಿ?" ಅಂದಳು ತುಳಜಾಬಾಯಿ.

ತಾನು ನೋಡುತ್ತಿಲ್ಲ, ಬರೀ ಶೇಂಗಾ ಸುಲಿಯುತ್ತಿದ್ದೇನೆ ಎಂದು ತೋರಿಸಲು ಅವನು ಟಿವಿಗೆ ಮಗ್ಗುಲಾಗಿ ಕೂತ. ಅವತ್ತೇ ಸೇನಾಪತಿಗೆ ವಿಷದ ಬಾಣ ತಗುಲಬೇಕೇ? ಅವನ ಜೀವ ಉಳಿಸಲು ಹುಡುಗಿ ತನ್ನ ನೆನಪನ್ನೆಲ್ಲ ತೆಗೆದು ಒಂದು ದೀಪಕ್ಕೆ ಎಣ್ಣೆಯ ಹಾಗೆ ಸುರಿದಳು. ಸೇನಾಪತಿ ಕಣ್ಣು ಬಿಟ್ಟ. ಹುಡುಗಿ ಅವನನ್ನು ನೋಡಿ, ಯಾರೋ ದಾರಿಹೋಕ ಅಂದುಕೊಂಡು ಬದಿಗೆ ಸರಿದು ನಿಂತಳು. ಕಂತು ಮುಗಿದಾಗ ಚಂದಪ್ಪನ ಡಬರಿಯಲ್ಲಿ ಬರೀ ಸಿಪ್ಪೆ ಇತ್ತು. ಕಾಳೆಲ್ಲ ಎಮ್ಮೆಯ ಬುಟ್ಟಿಗೆ ಹೋಗಿತ್ತು.

ಅಲ್ಲಿಂದ ಅವನು ಆ ಧಾರಾವಾಹಿಯ ಮಹಾಪ್ರಚಾರಕನಾದ. ಇಂಥ ರತ್ನವನ್ನು ಇಡೀ ತಾಲೂಕಿನಲ್ಲಿ ಮೂರೇ ಜನ ನೋಡುತ್ತಿದ್ದಾರಲ್ಲ ಎಂದು ಕಂಡಕಂಡವರನ್ನು ಹಿಡಿದು ಕೇಳತೊಡಗಿದ. ಅಫಜಲಪುರದ ಚಹಾದಂಗಡಿಯಲ್ಲಿ ಗೆಳೆಯ ರೇವಣಪ್ಪನಿಗೆ ಕಥೆ ಹೇಳಿದ.

"ಚೀನಾ ಮಾಲು," ಅಂದ ರೇವಣಪ್ಪ. "ಮಳಿ ಬಂದ್ರ ಬಣ್ಣ ಬಿಡ್ತದ."

"ಲೇ ರೇವಣ್ಯಾ, ನಿನ್ನ ಟಿವ್ಯಾಗ ಅತ್ತಿ ಸೊಸಿಗಿ ವಿಷಾ ಕಲಸೂದ ವರ್ಷಾನುಗಟ್ಲೆ ತೋರಿಸ್ತಾರ. ಇಲ್ಲಿ ಆ ಹುಡುಗಿ ಅಂವನ ಸಲುವಾಗಿ ತನ್ನ ನೆನಪ ಕೊಟ್ಟಾಳ. ನಿನ್ನ ಹೇಣ್ತಿ ನಿನಗ ಕರೆದು ಒಂದು ಕಪ್ಪು ಚಾ ಕೊಡ್ತಾಳೇನಲೇ?"

ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದು ಬಂದ.

ಮರುದಿನ ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿದರೂ ಅವನಿಗೆ ಅದೇ ಚಿಂತೆ. ಹುಡುಗಿಗೆ ನೆನಪು ಬಂದೀತೋ ಇಲ್ಲವೋ? ಚಂದಪ್ಪ ಎದ್ದು ಭಾಗಮ್ಮ ದೇವಿಯ ಗುಡಿ ಇರುವ ಘತ್ತರಗಿಯ ದಿಕ್ಕಿಗೆ ಕೈಮುಗಿದ. ಚೀನಾ ಅಂದರೆ ದೂರದ ದಾರಿ, ತೆಂಗಿನಕಾಯಿಯ ಹರಕೆ ಅಲ್ಲಿಯವರೆಗೆ ಮುಟ್ಟುವುದಿಲ್ಲ ಅನಿಸಿ ದೊಡ್ಡದನ್ನೇ ಹೊತ್ತ.

"ಅವ್ವಾ ಭಾಗಮ್ಮ, ಆ ಹುಡುಗಿಗಿ ನೆನಪ ಬಂದು ಅಂವನ ಗುರ್ತ ಹಿಡೀಲಿ. ನಾ ಸ್ವತಃ ಕೈಯಾರೆ ಹೋಳಿಗಿ ಮಾಡಿ ಐದು ಮಂದಿ ಮುತ್ತೈದೇರಿಗೆ ಉಣ್ಣಾಕ ನೀಡ್ತೇನಿ."

ಮನಸ್ಸಿನಲ್ಲೇ ಬೇಡಿಕೊಂಡೆ ಅಂದುಕೊಂಡಿದ್ದ. ಆದರೆ ಚಂದಪ್ಪನ ಪಿಸುಮಾತು ಮೂರು ಹೊಲ ದಾಟುತ್ತದೆ. ಪಕ್ಕದ ಹೊಲದಲ್ಲಿ ತೊಗರಿಕಾಯಿ ಹರಿಯುತ್ತಿದ್ದ ಚಮನಬಿ ಸೊಂಟ ನೆಟ್ಟಗೆ ಮಾಡಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಕೊನೆಯ ಕಂತು ಬರುವ ದಿನವೇ ಕಬ್ಬು ಕಡಿಯುವ ಗ್ಯಾಂಗು ಬಂತು. ಅವರನ್ನು ಬಿಟ್ಟು ಬರುವಂತಿಲ್ಲ. ಚಂದಪ್ಪ ಹೊರಡುವಾಗ ಆಜ್ಞೆ ಮಾಡಿದ: "ನಾ ಬರೋತನಕ ನೋಡಬ್ಯಾಡ. ಅಕಸ್ಮಾತ್ ನೋಡಿದ್ರ, ಏನಾತು ಅಂತ ಒಂದ ಅಕ್ಷರ ಬಾಯಿ ಬಿಟ್ಟಿ ಅಂದ್ರ ನೋಡು ಮತ್ತ."

ಸಂಜೆ ಮೈತುಂಬ ಕಬ್ಬಿನ ಗರಿಯ ಗೀರುಗಳೊಂದಿಗೆ ಬಂದರೆ, ಪಡಸಾಲೆಯಲ್ಲಿ ಐದು ಹೆಂಗಸರು ತಲೆ ಬಾಚಿ, ಒಗೆದ ಸೀರೆ ಉಟ್ಟು ಸಾಲಾಗಿ ಕೂತಿದ್ದರು. ತುದಿಗೆ ಚಮನಬಿ. ಒಳಗೆ ನೆನೆದ ಕಡಲೆಬೇಳೆ, ಪಕ್ಕದಲ್ಲಿ ಬೆಲ್ಲ, ಲಟ್ಟಣಿಗೆ.

"ನೋಡಿದೇನು?"

ತುಳಜಾಬಾಯಿ ತುಟಿಯ ಮೇಲೆ ಬೆರಳಿಟ್ಟು ಬೇಳೆಯ ಕಡೆ ತೋರಿಸಿದಳು.

ನೆನಪು ಬಂದಿದೆ! ಸಿಟ್ಟು ಮಾಡಬೇಕೋ ಕುಣಿಯಬೇಕೋ ತಿಳಿಯದೆ ಚಂದಪ್ಪ ಎರಡನ್ನೂ ಮಾಡುತ್ತ ಅಡುಗೆಮನೆ ಹೊಕ್ಕ. ಗ್ಯಾಸು ಹೊತ್ತಿಸಲು ಅರ್ಧ ಕಡ್ಡಿಪೆಟ್ಟಿಗೆ ಖರ್ಚಾಯಿತು. ಲಟ್ಟಿಸಿದರೆ ಹೂರಣ ಬದು ಒಡೆದ ನೀರಿನಂತೆ ನುಗ್ಗಿತು. ಮಗುಚಿದರೆ ಅರ್ಧ ಹೋಳಿಗೆ ಹಂಚಿನ ಮೇಲೆ, ಅರ್ಧ ಅವನ ಅಂಗೈ ಮೇಲೆ. ಕಡೆಗೂ ಎಲೆಗೆ ಬಂದವು. ದೇವಿಯ ಹೆಸರಿನದು, ಬಿಡುವಂತಿಲ್ಲ. ಐವರೂ ಅಗಿದೇ ಅಗಿದರು.

"ಕಾಕಾ," ಅಂದಳು ಚಮನಬಿ, "ಕಬ್ಬು ಕಡ್ಯೋರು ಹೋದ್ರೇನು? ಹೋಳಿಗಿ ಕಡ್ಯಾಕ ಒಂದ ಕೊಯ್ತಾ ಬೇಕಾಗಿತ್ತು."

ಎಲೆ ಅಡಿಕೆ ಕೊಟ್ಟು ಕಳಿಸಿದ ಮೇಲೆ ಚಂದಪ್ಪ ಹಿಟ್ಟಿನ ಕೈಯಲ್ಲೇ ಟಿವಿ ಹಚ್ಚಿದ. ಹಿಮ ಬೀಳುತ್ತಿತ್ತು. ಸೇತುವೆಯ ಮೇಲೆ ನೆನೆಯುತ್ತ ನಿಂತ ಸೇನಾಪತಿಗೆ ಹುಡುಗಿ ಬಂದು ಕೊಡೆ ಹಿಡಿದಳು. ತಾವು ಯಾರು ಎಂದು ಕೇಳಿದಳು. ಅವನು ಕಣ್ಣೀರಿನಲ್ಲೇ ನಕ್ಕು, ಮೊದಲ ಸಲ ಹೇಳುವವನಂತೆ ತನ್ನ ಹೆಸರು ಹೇಳಿದ. ಮುಗಿಯಿತು. ಚಂದಪ್ಪ ಬಿಕ್ಕುತ್ತ ಕಣ್ಣೊರೆಸಿಕೊಂಡು ಮುಖವೆಲ್ಲ ಹಿಟ್ಟು ಮಾಡಿಕೊಂಡ. ಆಮೇಲೆ ತಲೆಗೆ ಹೊಳೆಯಿತು.

"ಬೇ, ನೆನಪ ಎಲ್ಲಿ ಬಂತು?"

"ಬರಲಿಲ್ಲ."

"ಮತ್ತ ಹೋಳಿಗಿ?"

"ಬಾಯಿ ಬಿಡಬ್ಯಾಡ ಅಂದಿದ್ರಿ, ಬಿಡಲಿಲ್ಲ. ಬ್ಯಾಳಿ ನೆನಿ ಹಾಕೀನಿ, ಅಷ್ಟ. ಅಕಿಗಿ ಬರದಿದ್ರ ಏನಾತು, ಈ ಮನ್ಯಾಗ ಒಲಿ ಎಲ್ಲೈತಿ ಅಂತ ನಿಮಗರ ನೆನಪಾತಲ್ಲ."

ಹರಕೆ ಫಲಿಸದ ಮೇಲೆ ಆ ಊಟ ಕೈಗಡ, ಐವರೂ ತಿರುಗಿ ತನಗೆ ಹೋಳಿಗೆ ಉಣಿಸಬೇಕು ಎಂದು ಚಂದಪ್ಪ ಓಣಿಯಲ್ಲಿ ಗುಡುಗಿದ. ಅದನ್ನು ತಿಂದು ಅರಗಿಸಿಕೊಂಡ ತಮಗೇ ಅವನು ಒಂದು ನೆಟ್ಟಗಿನ ಊಟ ಹಾಕಬೇಕು ಎಂದು ಚಮನಬಿ ವಾದಿಸಿದಳು. ಅಮಾವಾಸ್ಯೆಗೆ ಎಲ್ಲರೂ ಘತ್ತರಗಿಗೆ ಹೋಗಿ ಭಾಗಮ್ಮನ ಮುಂದೆ ಹೂವಿಗೆ, ಅಂದರೆ ಮೂರ್ತಿಯ ಮೇಲಿನ ಹೂವು ಬಿದ್ದು ಕೊಡುವ ತೀರ್ಪಿಗೆ, ಕೂತರು. ಬಲಕ್ಕೆ ಬಿದ್ದರೆ ಹೆಂಗಸರು ಉಣಿಸಬೇಕು, ಎಡಕ್ಕೆ ಬಿದ್ದರೆ ಚಂದಪ್ಪ. ಹೂವು ಯಾವ ಕಡೆಗೂ ಬೀಳಲಿಲ್ಲ. ಕೊನೆಯ ಬಸ್ಸು ಹಾರ್ನು ಹೊಡೆದಾಗ ಕಾಲು ಜೋಮು ಹಿಡಿದ ಚಂದಪ್ಪ ಗೊಣಗುತ್ತ ಎದ್ದ. ಆ ಊಟ ಯಾರು ಯಾರಿಗೆ ಹಾಕಬೇಕೋ, ಇನ್ನೂ ಯಾರೂ ಹಾಕಿಲ್ಲ.