ಗುಮಾಸ್ತರಿಗೆ ಮೂಡಿದ ಕೋಡು

ಬಸ್ ಡಿಪೋದ ಪಾಳಿ ಗುಮಾಸ್ತರ ಕಂಪ್ಯೂಟರಿನಲ್ಲಿದ್ದ ಎಐ ಏಜೆಂಟು ಬಲು ಚುರುಕು, ಮರೆವೂ ಅಷ್ಟೇ. ಯಾವ ಚಾಲಕ ಯಾವ ಬಸ್ಸು ಹತ್ತಬೇಕೆಂಬ ಪಟ್ಟಿ ಮಾಡಲು ಅದು ದಿನವೂ ಹೊಸದಾಗಿ ಕಂಪ್ಯೂಟರ್ ಕೋಡು ಬರೆಯುತ್ತಿತ್ತು. ನಿನ್ನೆ ಸರಿಯಾಗಿ ಬಂದದ್ದು ಇವತ್ತು ಬರುತ್ತಿರಲಿಲ್ಲ. ಒಮ್ಮೆಯಂತೂ ಎಲ್ಲ ಚಾಲಕರಿಗೂ ಒಂದೇ ದಿನ ರಜೆ ಕೊಟ್ಟು, ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದವರಿಗೆ ಎರಡೆರಡು ಪಾಳಿ ಹಾಕಿತ್ತು.

ಅದನ್ನು ತಿದ್ದುವುದು ಗುಮಾಸ್ತರೊಬ್ಬರಿಗೇ ಗೊತ್ತು. ಅದೇ ಅವರಿಗೆ ಮುಳುವಾಗಿತ್ತು. ಹೆಂಡತಿ ಮಕ್ಕಳಿದ್ದ ಊರಿನ ಡಿಪೋದಲ್ಲಿ ಜಾಗ ಖಾಲಿಯಿದ್ದರೂ ಮ್ಯಾನೇಜರು ವರ್ಗಾವಣೆಗೆ ಸಹಿ ಹಾಕುತ್ತಿರಲಿಲ್ಲ.

"ನೀವು ಹೋದ್ರೆ ಪಟ್ಟಿ ಯಾರ್ರೀ ಮಾಡೋರು? ಬೇರೆಯವರ ಕೈಲೂ ಆಗೋ ಹಾಗೆ ಮಾಡಿ, ಅವತ್ತೇ ಸಹಿ ಹಾಕ್ತೀನಿ."

ಆ ಗುರುವಾರ ಬೆಳಿಗ್ಗೆ ಹೆಂಡತಿಯ ತಮ್ಮ ಫೋನಿನಲ್ಲಿ ದಾರಿ ತೋರಿಸಿದ. "ಭಾವ, ಅದಕ್ಕೊಂದು ಸಾಧನ ಇದೆ. ಸರಿಯಾಗಿ ಬಂದ ಕೋಡಿನ ತುಣುಕಿಗೆ ಹೆಸರಿಟ್ಟು ನಿಮ್ಮ ಕಂಪ್ಯೂಟರಲ್ಲೇ ಎತ್ತಿಡುತ್ತೆ. ನಾಳೆ ಏಜೆಂಟು ಹೊಸದಾಗಿ ಬರೆಯಲ್ಲ, ಎತ್ತಿಟ್ಟಿದ್ದನ್ನೇ ತೆಗೆದು ಬಳಸುತ್ತೆ."

ಗುಮಾಸ್ತರು ತೋಳೇರಿಸಿದರು. ಇವತ್ತು ಸಹಿ ಬಿದ್ದರೆ ಬಿತ್ತು, ಇಲ್ಲದಿದ್ದರೆ ಎಂದೂ ಇಲ್ಲ! ಹನ್ನೊಂದಕ್ಕೆಲ್ಲ ಪಾಳಿಯ ತುಣುಕು, ರಜೆಯ ತುಣುಕು, ಫೋನಿಗೆ ಸಂದೇಶ ಕಳಿಸುವ ತುಣುಕು ಎತ್ತಿಟ್ಟಾಯಿತು.

ಸುದ್ದಿ ಹಬ್ಬಿದ್ದೇ ತಡ, ಗ್ಯಾರೇಜಿನ ಟೈರು ಮೇಸ್ತ್ರಿ ಗ್ರೀಸಿನ ಕೈಯಲ್ಲೇ ಬಂದರು. "ನಂದೂ ಒಂದು ಹಾಕಿ ಸಾರ್. ನಲವತ್ತು ಸಾವಿರ ಕಿಲೋಮೀಟರ್ ದಾಟಿದ್ದಕ್ಕೆಲ್ಲ 'ಸವೆದಿದೆ. ಗುಜರಿಗೆ ಹಾಕಿ' ಅಂತ ಬರೀಬೇಕು. ಹೆಸರು 'ಹಳೇದು ತೆಗೆ' ಅಂತಿರಲಿ."

ಟೈಪಿಸ್ಟ್ ಮೇಡಂ ಸುಮ್ಮನಿದ್ದಾರೆಯೇ? "ಹೋಗೋ ಕಾಗದಕ್ಕೆಲ್ಲ ಕೊನೇಲಿ 'ತಡಮಾಡದೆ ಕ್ರಮ ಕೈಗೊಳ್ಳಿ' ಅಂತ ಸೇರಿಸೋ ಹಾಗೆ ಮಾಡಿಕೊಡಿ."

ಬೇಡವೆನ್ನಲಾಗದೆ ಗುಮಾಸ್ತರು ಎರಡನ್ನೂ ಎತ್ತಿಟ್ಟರು. ಹನ್ನೆರಡಕ್ಕೆ ಏಜೆಂಟಿಗೆ ಆಜ್ಞೆ ಕೊಟ್ಟರು: ಹಳೇದು ತೆಗೆದು, ಹೊಸ ಪಟ್ಟಿ ಎಲ್ಲ ಚಾಲಕರಿಗೂ ಕಳಿಸು.

ಐದು ನಿಮಿಷವೂ ಆಗಿರಲಿಲ್ಲ. ಡಿಪೋದ ಅಂಗಳದಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಎಲ್ಲರಿಗಿಂತ ಹಿರಿಯ ಚಾಲಕರು, ಎಲ್ಲರೂ ಮೀಸೆ ಅಣ್ಣ ಎನ್ನುವವರು, ಫೋನು ಹಿಡಿದು ಒಳನುಗ್ಗಿದರು. ಅದರಲ್ಲಿ ಅವರ ಹೆಸರಿನ ಮುಂದೆ ಹೀಗಿತ್ತು: 'ಸವೆದಿದೆ. ಗುಜರಿಗೆ ಹಾಕಿ. ತಡಮಾಡದೆ ಕ್ರಮ ಕೈಗೊಳ್ಳಿ.'

"ಇಪ್ಪತ್ತಾರು ವರ್ಷ ಒಂದು ಗೀರಿಲ್ಲದೆ ಓಡಿಸಿದೀನಿ! ಎಲ್ಲಿ ಸವೆದಿದೀನಿ, ತೋರಿಸಿ!"

"ಅಣ್ಣ, ಅದು ಟೈರಿಗೆ ಬರೆಸಿದ್ದು..."

"ನೀವು 'ಹಳೇದು ತೆಗೆದು' ಅಂದ್ರಿ, ಅದು ನನ್ನ ತುಣುಕನ್ನೇ ತೆಗೀತು. ಟೈರಿಗೆ ಅಂತ ಏಜೆಂಟಿಗೆ ಹೇಳಿದ್ರಾ?" ಎಂದರು ಮೇಸ್ತ್ರಿ ಬಾಗಿಲಲ್ಲೇ ನಿಂತು. "ಲೆಕ್ಕ ಮಾತ್ರ ಕರಾರುವಾಕ್ಕು, ನೋಡಿ. ನಲವತ್ತು ಸಾವಿರ ದಾಟದ ಚಾಲಕ ಒಬ್ಬನೂ ಇಲ್ಲ!"

"ಅಣ್ಣನ ಜೊತೆ ನಮ್ಮನ್ನೂ ಗುಜರಿಗೆ ಹಾಕಿದ್ರೆ ನಾವ್ಯಾರೂ ಬಸ್ ಹತ್ತಲ್ಲ," ಎಂದು ಹಿಂದಿನಿಂದ ಇಪ್ಪತ್ತು ದನಿಗಳು.

ಬೇರೆಯವರಾಗಿದ್ದರೆ ಕಂಪ್ಯೂಟರಿಗೆ ಕೈಮುಗಿದು ಎದ್ದುಬಿಡುತ್ತಿದ್ದರು. ಗುಮಾಸ್ತರು ಮೀಸೆ ಅಣ್ಣನಿಗೆ ಕೈಮುಗಿದರು. ಕ್ಷಮೆ ಕೇಳಿ, ತಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡರು. ಊಟ ಬಿಟ್ಟು ಒಂದೊಂದು ತುಣುಕಿಗೂ ಮರುನಾಮಕರಣ ಮಾಡಿದರು. ಮೇಸ್ತ್ರಿಯದಕ್ಕೆ 'ಟೈರಿಗೆ ಮಾತ್ರ, ಮನುಷ್ಯರಿಗಲ್ಲ' ಎಂದು ಹೆಸರಿಟ್ಟಾಗ ಮೀಸೆ ಅಣ್ಣ, "'ಖಂಡಿತಾ ಅಲ್ಲ' ಅಂತ ಹಾಕಿ," ಎಂದು ತಿದ್ದಿದರು.

ಮೂರು ಗಂಟೆಗೆ ಮ್ಯಾನೇಜರೇ ಬಂದು ಕುಳಿತು ಗುಂಡಿ ಒತ್ತಿದರು. ಎರಡೇ ನಿಮಿಷ, ಹೂವಿನ ಹಾರದಂಥ ಪಟ್ಟಿ ಹೊರಬಿತ್ತು. ಮೀಸೆ ಅಣ್ಣ ಮೇಲಿನಿಂದ ಕೆಳಗೆ ಓದಿ ತಲೆಯಾಡಿಸಿದರು. ಮ್ಯಾನೇಜರು ಅಲ್ಲೇ ವರ್ಗಾವಣೆ ಕಾಗದಕ್ಕೆ ಸಹಿ ಹಾಕಿದರು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಇಷ್ಟು ಕೋಡು ಎತ್ತಿಟ್ಟ ಮೇಲೆ ಗುಮಾಸ್ತರ ತಲೆಯ ಮೇಲೂ ಎರಡು ಕೋಡು ಮೂಡದಿದ್ದೀತೇ? ಎಂಥ ಆಸಾಮಿ ಬರುತ್ತಿದ್ದಾನೆಂದು ಹೊಸ ಡಿಪೋದವರಿಗೆ ಮೊದಲೇ ತಿಳಿಯಲಿ ಎಂದು ತುಣುಕುಗಳನ್ನೆಲ್ಲ ಗಂಟು ಕಟ್ಟಿ ಅಲ್ಲಿಗೆ ಕಳಿಸಿದರು.

ಐದಕ್ಕೆ ಮೊದಲೇ ಅಲ್ಲಿಂದ ಫೋನು ಬಂತು. "ಅದ್ಭುತ ಸಾರ್! ನಮ್ಮ ಏಜೆಂಟಿಗೆ ಕೊಟ್ವಿ, ಎರಡೇ ನಿಮಿಷದಲ್ಲಿ ಪಟ್ಟಿ ಬಂತು."

"ಸಂತೋಷ. ಸೋಮವಾರ ಬಂದು ಬಾಕಿ ಉಳಿದಿದ್ದನ್ನ ನಾನೇ..."

"ನಿಮಗ್ಯಾಕೆ ತೊಂದರೆ ಸಾರ್? ಇನ್ನು ಪಟ್ಟಿಗೆ ಜನ ಬೇಡ ಅಂತ ಸಾಹೇಬ್ರು ಆ ಜಾಗವನ್ನೇ ಈಗಷ್ಟೇ ರದ್ದು ಮಾಡಿದ್ರು."

ಗುಮಾಸ್ತರು ಫೋನಿಟ್ಟು ಮ್ಯಾನೇಜರ ಕೋಣೆಗೆ ಹೋಗಿ ಎಲ್ಲ ಹೇಳಿದರು.

"ಅಯ್ಯೋ ಪಾಪ," ಎಂದರು ಮ್ಯಾನೇಜರು. "ಇಲ್ಲೂ ಪಟ್ಟಿ ಕೆಲಸ ಮುಗೀತು. ನಾಳೆಯಿಂದ ಸಿಬ್ಬಂದಿ ಅರ್ಜಿ ಕೌಂಟರಲ್ಲಿ ಕೂತ್ಕೊಳ್ಳಿ."

"ನಾನು ಬಿಡೋನಲ್ಲ ಸಾರ್. ನಾಳೆ ಬೆಳಿಗ್ಗೆನೇ ವರ್ಗಾವಣೆಗೆ ಹೊಸ ಅರ್ಜಿ ಕೊಡ್ತೀನಿ."

"ಧಾರಾಳವಾಗಿ ಕೊಡಿ. ತಗೊಳ್ಳೋರೂ ನೀವೇ ಅಲ್ವಾ."