ಮಾವನ ಪೆಟ್ಟಿಗೆಯೊಳಗಿನ ಗಂಟೆ

ನಮ್ಮ ಸೋದರಮಾವ ರೇಡಿಯೋ ರಿಪೇರಿ ಮಾಡುತ್ತಿದ್ದ ಎಂದು ಹೊಳಲ್ಕೆರೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ! ಅವನ ಅಂಗಡಿಯೊಳಗೆ ರೇಡಿಯೋ ಹೋಗುತ್ತಿದ್ದುದು ನಿಜ. ಹೊರಗೆ ಬಂದದ್ದನ್ನು ಕಣ್ಣಾರೆ ಕಂಡವರು ಕಡಿಮೆ. ಕೊಟ್ಟವರು ಬಂದು ಕೇಳಿದರೆ, "ಬಿಡ್ರಿ ಗೌಡ್ರೇ, ಇಷ್ಟು ದಿನ ಯಾರೋ ಹೇಳಿದ್ದನ್ನೇ ಹೇಳ್ತಿತ್ತು. ಈಗ ಸ್ವಂತ ಮಾತಾಡೋದು ಕಲೀತೈತೆ" ಎನ್ನುತ್ತಿದ್ದ.

ಈ ಮಾತು ನನಗೂ ನಾಟುತ್ತಿತ್ತು. ಯಾರೋ ಹೇಳಿದ್ದನ್ನು ಅವರದೇ ದನಿಯಲ್ಲಿ ಹೇಳುವುದು ಬಿಟ್ಟರೆ ನನಗಾದರೂ ಬೇರೆ ಯಾವ ವಿದ್ಯೆ ಬರುತ್ತಿತ್ತು? ಪಿಯುಸಿಗೆ ಎರಡು ಸಲ ಕೂತವನು ನಾನು. ಮೇಷ್ಟ್ರುಗಳ ದನಿಯೆಲ್ಲ ಬಾಯಿಗೆ ಬಂದಿತ್ತು, ಪಾಠವೊಂದನ್ನು ಬಿಟ್ಟು!

ಮಾವನ ಹುಚ್ಚಿಗೆಲ್ಲ ಮೂಲ ಒಂದು ಗಂಟೆ. ನಮ್ಮದು ಕುರಿ ಸಾಕುವ ಮನೆ. ಅಜ್ಜಿ, ಅಂದರೆ ಮಾವನ ಅವ್ವ, ಮದುವೆಯಾಗಿ ಬಂದಾಗ ರಾಮಗಿರಿಯ ತವರಿನವರು ಒಂದು ಕುರಿ ಕೊಟ್ಟು, ಅದರ ಕೊರಳಿಗೆ ಹಿತ್ತಾಳೆ ಗಂಟೆ ಕಟ್ಟಿ ಕಳಿಸಿದ್ದರಂತೆ. ಆ ಕುರಿ ಹೋದಮೇಲೂ ಗಂಟೆ ಹಿಂಡಿನ ಮುಂದಾಳು ಕುರಿಗಳ ಕೊರಳಿಂದ ಕೊರಳಿಗೆ ದಾಟುತ್ತ ಬಂದಿತ್ತು. ಅದರಲ್ಲೊಂದು ಕೂದಲೆಳೆಯಷ್ಟು ಸೀಳು. ಬೆಸುಗೆ ಹಾಕುವುದನ್ನು ಕಲಿತ ಹೊಸತರಲ್ಲಿ ಮಾವನ ಕೈ ಸುಮ್ಮನಿರುತ್ತದೆಯೇ? ಅವ್ವನಿಗೆ ಖುಷಿಯಾಗಲಿ ಎಂದು ಸೀಳಿಗೆ ಸೀಸ ತುಂಬಿದ. ಅಲ್ಲಾಡಿಸಿದರೆ, ಠಕ್! ತೆಂಗಿನ ಚಿಪ್ಪು ಬಡಿದಂತೆ. ಗಾಬರಿಯಲ್ಲಿ ಸೀಸ ಕೀಳಲು ಹೋದರೆ ಅಂಚೇ ಮುರಿದು ಕೈಗೆ ಬಂತು.

ಅಂದಿನಿಂದ ಅಜ್ಜಿ ಮಗನ ಜೊತೆ ಮಾತು ಬಿಟ್ಟಳು. ಮೂವರೂ ಒಟ್ಟಿಗೆ ಉಣ್ಣಲು ಕೂತರೂ ಮಾತೆಲ್ಲ ನನ್ನ ಮೂಲಕವೇ.

"ಲೇ, ಅವನಿಗೆ ಇನ್ನೊಂದು ಮುದ್ದೆ ಬೇಕೇನು ಕೇಳು."

"ಸಾಕು ಅಂತ ಹೇಳಲೇ ಅವ್ವಂಗೆ."

ಅಜ್ಜಿಯ ಮಾತನ್ನು ಬೊಚ್ಚುಬಾಯಲ್ಲೂ ಮಾವನ ಮಾತನ್ನು ಮೂಗಿನಲ್ಲೂ ಮುಟ್ಟಿಸುತ್ತಿದ್ದೆ. ಇಬ್ಬರೂ ಬೈಯುತ್ತಿದ್ದರು. ಬೈಗುಳ ಮಾತ್ರ ಯಾರ ಮೂಲಕವೂ ಅಲ್ಲ, ನೇರವಾಗಿ ನನಗೇ!

ಗಂಟೆಯ ಕಳೆದುಹೋದ ದನಿಯನ್ನು ವಾಪಸು ತರುತ್ತೇನೆಂದು ಮಾವ ಸತ್ತ ರೇಡಿಯೋಗಳ ಕರುಳನ್ನೆಲ್ಲ ಸೇರಿಸಿ, ಸೆಲ್ಲು ಹಾಕಿ, ಒಂದು ಪೆಟ್ಟಿಗೆ ಮಾಡಿದ.

"ಒಳಗೆ ಎರಡು ಸ್ವರ ಅವೆ ಕಣೋ. ಒಂದು ಹಾಡ್ತೈತೆ, ಇನ್ನೊಂದು ಅದನ್ನ ಹಿಡಿದು ಅಲ್ಲಾಡಿಸ್ತೈತೆ. ಮೆಲ್ಲಗೆ ಅಲ್ಲಾಡಿಸಿದ್ರೆ ದನಿ ತೇಲಾಡ್ತೈತೆ. ಜೋರಾಗಿ ಅಲ್ಲಾಡಿಸಿದ್ರೆ ದನಿಯೇ ಬೇರೆ ಆಗ್ತೈತೆ!"

"ಅಜ್ಜಿ ನಿನ್ನ ಅಲ್ಲಾಡಿಸಿದಂಗೆ?"

"ನಡಿಯಲೇ ಆಚೆ!"

ಮೊದಲ ದಿನ ಪೆಟ್ಟಿಗೆ ಕಪ್ಪೆಯಂತೆ ವಟಗುಟ್ಟಿತು. ಪಕ್ಕದ ಮನೆಯಾಕೆ ಮಳೆ ಬಂತೆಂದು ಒಣಹಾಕಿದ ಮೆಣಸಿನಕಾಯಿಯನ್ನೆಲ್ಲ ಒಳಗೆ ಎಳೆದುಕೊಂಡಳು. ಇನ್ನೊಂದು ದಿನ ಅಂಗಡಿಯಲ್ಲಿ 'ಪೀ' ಎಂದು ಸೀಟಿ ಹೊಡೆಯಿತು. ಎದುರಿಗೆ ನಿಂತಿದ್ದ ಹೊಸದುರ್ಗದ ಬಸ್ಸು ಹೊರಟೇಹೋಯಿತು, ಕಂಡಕ್ಟರು ಇನ್ನೂ ಹೋಟೆಲಿನಲ್ಲಿ ಚಹಾ ಆರಿಸುತ್ತಿರುವಾಗಲೇ! ಆ ಮನುಷ್ಯ ಬಸ್ಸಿನ ಹಿಂದೆ ಓಡಿದ ಓಟವನ್ನು ನಾನು ಇಂದಿಗೂ ಮಾಡಿ ತೋರಿಸಬಲ್ಲೆ.

ಮಾವ ಸೋಲಲಿಲ್ಲ. ಒಂದು ಸ್ವರ ಒಂದು ಸಲ ನಡುಗಿದರೆ ಇನ್ನೊಂದು ಸರಿಯಾಗಿ ಎರಡು ಸಲ, ಇಲ್ಲವೇ ಸರಿಯಾಗಿ ಮೂರು ಸಲ ನಡುಗಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಕೂಡದು ಎಂದು ಹಟ ಹಿಡಿದು ಕೂಡಿಸಿದ. ಒಂದು ಸಂಜೆ ಹಿಂಡು ಮೇದು ಮನೆ ಮುಂದಿನ ರೊಪ್ಪಕ್ಕೆ ಬಂದ ಹೊತ್ತಿಗೆ ಪೆಟ್ಟಿಗೆಯನ್ನು ಮನೆಗೆ ತಂದು ಜಗಲಿಯ ಮೇಲಿಟ್ಟು ಗುಂಡಿ ತಿರುಗಿಸಿದ. ಎಷ್ಟು ನುಣ್ಣನೆಯ ದನಿ! ಒಂದು ಕುರಿಯೂ ತಲೆ ಎತ್ತಲಿಲ್ಲ.

ಅಜ್ಜಿ ಉಣ್ಣೆ ನೂಲುತ್ತಲೇ ಅಂದಳು, "ಲೇ, ಅವನಿಗೆ ಹೇಳು. ಹಾರ್ಮೋನಿಯಂ ಕೊರಳಿಗೆ ಕಟ್ಕೊಂಡು ಯಾವ ಕುರಿ ಮೇಯಾಕೆ ಹೋಗ್ತೈತೆ ಅಂತ!"

ನಾನು ನಕ್ಕೆ. ಮಾವ ನಗಲಿಲ್ಲ. "ಅವ್ವಂಗೆ ಹೇಳಲೇ, ನನ್ನ ಕೈಲಿ ಆಗೋದು ಇಷ್ಟೇ ಅಂತ" ಎಂದ.

ಎಂದಿನಂತೆ ಮೂಗಿನಲ್ಲಿ ಶುರುಮಾಡಿದೆ. ಅರ್ಧಕ್ಕೇ ಬಿಟ್ಟೆ. ಊರಿನವರನ್ನೆಲ್ಲ ಅಣಕಿಸಿದವನಿಗೆ ಈ ಒಂದು ವಾಕ್ಯವನ್ನು ಅಣಕಿಸಲಾಗಲಿಲ್ಲ.

ಅಜ್ಜಿ ಕದಿರು ಕೆಳಗಿಟ್ಟಳು. ಎದ್ದು ಬಂದು, ಮಾವ ಅಷ್ಟು ದಿನ ಕೂತು ಸರಿಮಾಡಿದ್ದ ಗುಂಡಿಯನ್ನು ತಾನೇ ಒಂದಿಷ್ಟು ಸೊಟ್ಟ ತಿರುಗಿಸಿದಳು. ದನಿ ವಾಲಿತು, ಸೀಳಿತು, ಕರಕರ ಎಂದಿತು. ಇನ್ನೊಂದು ಚೂರು ತಿರುಗಿಸಿದಳು. ರೊಪ್ಪದಲ್ಲಿ ಮುದಿ ಕುರಿಯೊಂದು ಕಿವಿ ನಿಮಿರಿಸಿತು. ಅದರ ಹಿಂದೆ ಇನ್ನೆರಡು. ಆಮೇಲೆ ಹಿಂಡಿಗೆ ಹಿಂಡೇ ಜಗಲಿಯ ಕಡೆ ತಿರುಗಿತು.

"ಆ ಗಂಟೆಯಾಗೆ ಒಡಕಿತ್ತು ಕಣಪ್ಪಾ" ಎಂದಳು ಅಜ್ಜಿ, ನೇರವಾಗಿ ಮಾವನಿಗೇ. "ಒಡಕು ಬಿಟ್ಟು ಹುಡುಕಿದ್ರೆ ನಿಂಗೆ ಎಲ್ಲಿ ಸಿಗ್ತೈತೆ?"

ಮಾವ ಅಭ್ಯಾಸಬಲದಿಂದ ಉತ್ತರಕ್ಕೆ ನನ್ನ ಕಡೆ ತಿರುಗಿದ. ಕುರಿಗಳಿಗೆ ನೀರಿಡುವ ನೆವ ಹೇಳಿ ನಾನು ಅಲ್ಲಿಂದ ಎದ್ದೆ.